ಶಿರಸ್ತೇದಾರರ ಮೇಜು

ಸರ್ಕಾರ ತನ್ನ ನೌಕರನನ್ನು ಅರವತ್ತಕ್ಕೆ ಮನೆಗೆ ಕಳಿಸುತ್ತದೆ. ಶಾಲು, ಹಾರ, ಮೈಸೂರು ಪೇಟ, ಒಂದು ಹಣ್ಣಿನ ಬುಟ್ಟಿ ಎಲ್ಲ ಕೊಟ್ಟೇ ಕಳಿಸುತ್ತದೆ. ಮೇಜೊಂದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ತಾಪತ್ರಯ ಶುರುವಾಗುವುದೇ ಅಲ್ಲಿಂದ.

ಭೇರ್ಯದ ನಮ್ಮ ಬೀದಿಯಲ್ಲಿ ಇಂಥವರೊಬ್ಬರಿದ್ದಾರೆ. ಹೆಸರು ಬೇಡ, ಕೆ.ಆರ್. ನಗರದಿಂದ ಹೊಳೆನರಸೀಪುರದ ಬಸ್ಸು ಹತ್ತಿ ನಡುವೆ ಎಲ್ಲಿ ಇಳಿದರೂ ಒಬ್ಬರು ಸಿಕ್ಕೇ ಸಿಗುತ್ತಾರೆ. ಊರವರಿಗೆ ಇವರು ‘ಸಾಹೇಬ್ರು’. ಯಾವುದೋ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾಗಿ, ಅಪ್ಪನ ಕಾಲದ ಹೆಂಚಿನ ಮನೆಗೆ ವಾಪಸು ಬಂದರು. ಬಂದ ವಾರದಲ್ಲೇ, “ಮನೇಲೊಂದು ಆಫೀಸ್ ರೂಮ್ ಮಾಡ್ಕೋಬೇಕು ಕಣಯ್ಯ” ಅಂದರು.

“ಏನು ಕೆಲಸಕ್ಕೆ ಸಾಹೇಬ್ರೆ?” ಅಂದೆ.

“ಕೆಲಸ ತಾನಾಗೇ ಬರುತ್ತೆ. ಮೊದಲು ಟೇಬಲ್ ಬರಲಿ.”

ಟೇಬಲ್ ಬರಬೇಕಾದರೆ ಭತ್ತ ಹೋಗಬೇಕಿತ್ತು. ನಮ್ಮದು ಭತ್ತದ ಸೀಮೆ. ನಡುಮನೆ ಪಕ್ಕದ ಕೋಣೆ ಇರುವುದೇ ಮೂಟೆ ಒಟ್ಟಲಿಕ್ಕೆ. ಆ ಕೋಣೆಯಲ್ಲಿ ಭತ್ತದ ಜೊತೆಗೆ ತೆಂಗಿನಕಾಯಿ ರಾಶಿ, ಔಷಧಿ ಹೊಡೆಯುವ ಕ್ಯಾನು, ಕಾಲು ಮುರಿದ ತೊಟ್ಟಿಲು ಎಲ್ಲ ಸುಖವಾಗಿದ್ದವು. ಸಾಹೇಬ್ರ ಹೆಂಡತಿ, ನಮಗೆಲ್ಲ ಅಮ್ಮಾವ್ರು, ಒಂದೇ ಮಾತು ಕೇಳಿದರು: “ಮೂಟೆ ಎಲ್ಲಿಗೆ ಹೋಗ್ಬೇಕು?” ಸಾಹೇಬ್ರು, “ಸ್ಥಳ ಪರಿಶೀಲನೆ ಮಾಡಿ ತಿಳಿಸ್ತೀನಿ” ಎಂದರು. ಆಮೇಲೆ ತಿಳಿಸಲಿಲ್ಲ.

ಮೇಜು ಹುಣಸೂರಿನದು. ಅಲ್ಲಿನ ಸಾಮಿಲ್‌ಗಳ ಮುಂದೆ ನಿಂತು, ತೇಗದ ಹಲಗೆಗಳನ್ನು ಗೆಣ್ಣಿನಿಂದ ಕುಟ್ಟಿ ಕುಟ್ಟಿ ನೋಡಿ, ಆಚಾರಿಗೆ ಲಿಖಿತ ಆದೇಶ ಕೊಟ್ಟು ಮಾಡಿಸಿದ್ದು: ಆರಡಿ ಉದ್ದ, ಮೂರಡಿ ಅಗಲ, ಬಲಗಡೆ ಮೂರು ಡ್ರಾ, ಎಡಗಡೆ ಬೀಗ ಹಾಕುವ ಕಪಾಟು. ಅಷ್ಟು ದೊಡ್ಡದು ಯಾಕೆಂದರೆ, ತಹಶೀಲ್ದಾರರ ಮೇಜು ಐದಡಿ ಇತ್ತಂತೆ. ಸರ್ವಿಸ್ ಪೂರ್ತಿ ನಾಲ್ಕಡಿ ಮೇಜಿನ ಹಿಂದೆ ಕೂತವರು ಇವರು. ನಿವೃತ್ತಿ ಆದ ಮೇಲೆ ಬಡ್ತಿಯನ್ನು ತಾವೇ ಮಂಜೂರು ಮಾಡಿಕೊಂಡರು.

ಲಗೇಜ್ ಆಟೋದಿಂದ ಅದನ್ನು ಇಳಿಸಿದ ದಿನ ನೆನೆಸಿಕೊಂಡರೆ ನನಗೆ ಈಗಲೂ ಸೊಂಟ ಹಿಡಿಯುತ್ತದೆ. ಹಳೇ ಮನೆ ಬಾಗಿಲು ಗಿಡ್ಡ, ಕಿರಿದು, ಸಾಲದ್ದಕ್ಕೆ ಗೇಣುದ್ದದ ಹೊಸ್ತಿಲು. ಹೊಸ್ತಿಲು ತುಳಿಯುವ ಹಾಗಿಲ್ಲ, ನಿಲುವು ತಾಗಿಸುವ ಹಾಗಿಲ್ಲ. ಮೇಜನ್ನು ಮಗ್ಗುಲಿಗೆ ಮಲಗಿಸಿ ಎರಡು ಕಾಲು ಒಳಕ್ಕೆ ತೂರಿಸಿದೆವು. ಅಲ್ಲಿಗೆ ಅದು ಕಚ್ಚಿಕೊಂಡಿತು. ಹಿಂದಿನ ಮೂಲೆ ಹಿಡಿದಿದ್ದ ಆಳು ಉಸಿರು ಬಿಗಿಹಿಡಿದು, “ಎತ್ತಗ್ ಮಡಗನ ಸಾಮಿ? ಬಿರ್‍ನೆ ಯೋಳಿ” ಎಂದ. ಸಾಹೇಬ್ರು ಜಗುಲಿ ಮೇಲೆ ನಿಂತು, “ಅವಸರ ಮಾಡಬೇಡಿ, ನಿಯಮಾನುಸಾರ ಬರಲಿ” ಎನ್ನುತ್ತಿದ್ದರು. ಕೊನೆಗೆ ಮೇಜು ನಿಯಮ ಮೀರಿಯೇ ಒಳಗೆ ಬಂತು. ಬಾಗಿಲಿನ ನಿಲುವಿಂದ ಒಂದು ಚಕ್ಕೆ ಕಿತ್ತುಕೊಂಡು.

ಒಳಗೆ ಬಂದ ಮೇಲಲ್ಲವೇ ಕಥೆ! ಮೊದಲು ಪೂರ್ವಕ್ಕೆ ಮುಖವಾಗುವಂತೆ ಹಾಕಿಸಿದರು. ಕೂತು ನೋಡಿದರೆ ಬೆನ್ನು ಬಾಗಿಲಿಗೆ. ಬಂದವರಿಗೆ ಅಧಿಕಾರಿಯ ಮುಖದ ಬದಲು ಬೊಕ್ಕತಲೆ ದರ್ಶನವಾಗುವುದು ಶಿಸ್ತಲ್ಲ. ಉತ್ತರಕ್ಕೆ ತಿರುಗಿಸಿದರು, ನೆತ್ತಿಯ ಮೇಲೆ ಸರಿಯಾಗಿ ತೊಲೆ. ತೊಲೆ ಕೆಳಗೆ ಕೂತವನ ಮೇಲೆ ಭಾರ ಬೀಳುತ್ತದೆಂದು ಯಾರೋ ವಾಸ್ತುವಿನವರು ಹೇಳಿದ್ದರು. ಮೂವತ್ತು ವರ್ಷ ತಹಶೀಲ್ದಾರರ ಕೆಳಗೆ ಕೂತಾಗ ಬೀಳದ ಭಾರವೇ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಉಳಿದದ್ದು ನೈರುತ್ಯ ಮೂಲೆ. ಯಜಮಾನ ಕೂರಬೇಕಾದ ಜಾಗವೇ ಅದು. ಆದರೆ ಭತ್ತದ ಮೂಟೆಗಳು ಅಲ್ಲಿ ಮೊದಲೇ ಸ್ವಾಧೀನದಲ್ಲಿದ್ದವು. ಅಮ್ಮಾವ್ರು ಅದೇ ವಾಸ್ತುವನ್ನೇ ತಿರುಗಿಸಿ ಹೊಡೆದರು: “ನೈರುತ್ಯದಲ್ಲಿ ಭಾರ ಇರಬೇಕು ಅಂತಾನೂ ಅದ್ರಲ್ಲೇ ಬರ್ದವ್ರೆ. ಮೂಟೆಗಿಂತ ನೀವು ತೂಕಾನಾ?” ಆಗ ಸೋತಂತೆ ಕಂಡ ಸಾಹೇಬ್ರು ಒಂದು ದಿನ ಆಳು ಕರೆಸಿ ಮೂಟೆ ತೆರವು ಮಾಡಿಸಿದರು. ಸಂಕ್ರಾಂತಿ ಹೊತ್ತಿಗೆ ಚುಂಚನಕಟ್ಟೆ ದನದ ಜಾತ್ರೆ ನೋಡಿಕೊಂಡು ಬರುವಷ್ಟರಲ್ಲಿ ಮೂಟೆಗಳು ಮತ್ತೆ ನೈರುತ್ಯದಲ್ಲಿದ್ದವು.

1924ರ ಕಾವೇರಿ ಪ್ರವಾಹದಲ್ಲಿ ಎಡತೊರೆ ಕೊಚ್ಚಿಹೋದಾಗ, ಒಂದು ಊರಿಗೆ ಊರನ್ನೇ ಎತ್ತರದ ಜಾಗಕ್ಕೆ ಸಾಗಿಸಿ ಕೃಷ್ಣರಾಜನಗರ ಎಂದು ಹೆಸರಿಟ್ಟು ಕೂರಿಸಿದರು. ಪುಣ್ಯಕ್ಕೆ ಆ ಕೆಲಸವನ್ನು ನಮ್ಮ ಸಾಹೇಬ್ರಿಗೆ ವಹಿಸಿರಲಿಲ್ಲ. ವಹಿಸಿದ್ದರೆ ತಾಲ್ಲೂಕು ಇನ್ನೂ ಹೊಳೆಯೊಳಗೇ ಇರುತ್ತಿತ್ತು, ದಿಕ್ಕು ಗೊತ್ತಾಗದೆ.

ಮೂರನೇ ಸಲ ಮೇಜು ಎತ್ತುವಾಗ “ಡ್ರಾ ಖಾಲಿ ಮಾಡಿ” ಅಂದೆವು. “ಕಡತ ಏರುಪೇರಾಗುತ್ತೆ, ಹಾಗೇ ಎತ್ತಿ” ಎಂದರು. ಅರ್ಧಕ್ಕೆ ಮೇಲಿನ ಡ್ರಾ ಜಾರಿ ನೆಲಕ್ಕೆ ಬಿತ್ತು. ಗುಂಡುಸೂಜಿ ಡಬ್ಬಿ, ಟ್ಯಾಗು, ಒಣಗಿದ ಸ್ಟಾಂಪ್ ಪ್ಯಾಡು, ಅರಗಿನ ಕಡ್ಡಿ, ಕರೆಗಂಟೆ. ಗಂಟೆ ಬಿದ್ದ ರಭಸಕ್ಕೆ ‘ಟಣ್’ ಅಂದಿತು. ಬಾಗಿಲಲ್ಲಿದ್ದ ಆಳು ತನಗೇ ಕರೆ ಎಂದುಕೊಂಡು ಒಳಗೆ ಬಂದ. ಅದರ ಜೊತೆಗೆ ಒಂದು ಹಸಿರು ಶಾಯಿಯ ಪೆನ್ನೂ ಉರುಳಿತು. ಹಸಿರು ಶಾಯಿ ಪತ್ರಾಂಕಿತ ಅಧಿಕಾರಿಗಳ ಸೊತ್ತು, ಶಿರಸ್ತೇದಾರರಿಗೆ ಆ ಭಾಗ್ಯವಿಲ್ಲ. ಈಗ ಹಾಲಿನ ಡೈರಿಯ ಪಾಸ್‌ಬುಕ್ಕಿನಲ್ಲಿ ಪ್ರತಿ ಲೀಟರಿಗೂ ಹಸಿರು ರುಜು ಬೀಳುತ್ತದೆ.

ಕುರ್ಚಿಗಳಲ್ಲೂ ಶ್ರೇಣಿ ಉಂಟು. ಸಾಹೇಬ್ರದು ಕೈಯಿರುವ ಬೆತ್ತದ ಕುರ್ಚಿ. ಬೆನ್ನಿಗೆ ಬಿಳೀ ಟರ್ಕಿ ಟವೆಲ್ಲು. ಆ ಟವೆಲ್ಲಿನಿಂದ ಯಾರೂ ಮುಖ ಒರೆಸುವಂತಿಲ್ಲ, ಮೊಮ್ಮಗು ಒರೆಸಿ ಏಟು ತಿಂದಿದೆ. ಎದುರಿಗೆ ಕೈಯಿಲ್ಲದ ಎರಡು ಕುರ್ಚಿ, ನಾಲ್ಕು ಬೆರಳು ಗಿಡ್ಡ. ಅದರಲ್ಲಿ ಕೂತರೆ ಮೇಜಿನ ಅಂಚು ನನ್ನ ಎದೆಮಟ್ಟಕ್ಕೆ ಬರುತ್ತದೆ. ಯಾಕೋ ಒಂದು ಅರ್ಜಿ ಕೊಡಬೇಕು ಅನ್ನಿಸಿಬಿಡುತ್ತದೆ. ಬಾಗಿಲ ಪಕ್ಕ ಒಂದು ಸ್ಟೂಲು, ದಲಾಯತನದು. ದಲಾಯತ ಇಲ್ಲ, ಸ್ಟೂಲು ಇದೆ. ಇದನ್ನೆಲ್ಲ ನೋಡಿದ ಮೇಲೆ ನನಗನ್ನಿಸಿದ್ದು, ಮೇಜು ಬರೆಯುವುದಕ್ಕಲ್ಲ. ಆಚೆ ಬದಿ ಒಬ್ಬ ಕೈಕಟ್ಟಿ ನಿಲ್ಲುವುದಕ್ಕೆ. ಅವನು ನಿಂತರೆ ಮಾತ್ರ ಈಚೆ ಬದಿಯವರು ಸಾಹೇಬ್ರು.

ಬರೆಯುವುದಕ್ಕೇ ಆದರೆ ನಮ್ಮೂರಿಗೆ ಮೇಜು ಯಾವತ್ತೂ ಬೇಕಿರಲಿಲ್ಲ. 1963ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಗುವ ತನಕ ಶಾನುಭೋಗರು ಚಾಪೆ ಮೇಲೆ ಚಕ್ಕಂಬಕ್ಕಳ ಹಾಕಿ, ಮುಂದೊಂದು ಇಳಿಜಾರು ಪೆಟ್ಟಿಗೆ ಇಟ್ಟುಕೊಂಡು ಊರಿನ ಕಂದಾಯ, ಪಹಣಿ, ಜಗಳ ಎಲ್ಲ ಬರೆದು ಮುಗಿಸುತ್ತಿದ್ದರು. ಅಷ್ಟು ದೂರ ಯಾಕೆ, 2020ರ ಲಾಕ್‌ಡೌನಿನಲ್ಲಿ ಸಾಹೇಬ್ರ ಮಗಳೇ ಬೆಂಗಳೂರಿನಿಂದ ಬಂದು ತಿಂಗಳುಗಟ್ಟಲೆ ಇದೇ ಕೋಣೆಯಲ್ಲಿ ಭತ್ತದ ಮೂಟೆ ಮೇಲೆ ಕಾಲು ಮಡಚಿ ಕೂತು ಲ್ಯಾಪ್‌ಟಾಪಿನಲ್ಲಿ ಕಂಪನಿ ಕೆಲಸ ಮಾಡಿದಳು. ಮೊಬೈಲ್ ಸಿಗ್ನಲ್ ಸಿಗುತ್ತಿದ್ದುದು ಆ ಮೂಟೆಯ ಮೇಲೆ ಮಾತ್ರ. ಆಗ ರಜೆಗೆ ಬಂದಿದ್ದ ಅಪ್ಪ, “ಮೇಜಿಲ್ಲದ ಕೆಲಸ ಒಂದು ಕೆಲಸವಾ?” ಎಂದು ಗೊಣಗಿದ್ದರಂತೆ. ಈಗ ಹಬ್ಬಕ್ಕೆ ಬಂದಾಗ ಅವಳೇ, “ಅಪ್ಪಾಜಿ, ಮೊಣಕೈ ಲಂಬಕೋನದಲ್ಲಿರಬೇಕು, ಕಿಟಕಿ ಮಗ್ಗುಲಿಗೆ ಬರಬೇಕು” ಎಂದು ತಿದ್ದಲು ಹೋದಳು. “ಮೇಲ್ಕಂಡ ವಿಷಯ ಅವಗಾಹನೆಗೆ ಬಂದಿದೆ” ಎಂದರು. ಮೇಜು ಕದಲಲಿಲ್ಲ.

ಹಾಗಂತ ಸಾಹೇಬ್ರು ಕೆಲಸಗೇಡಿಯಲ್ಲ. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಪೌತಿ ಖಾತೆ, ಪಹಣಿ ತಿದ್ದುಪಡಿ, ವೃದ್ಧಾಪ್ಯ ವೇತನ ಯಾವುದಕ್ಕೇ ಇರಲಿ, ಅವರು ಬರೆದ ಅರ್ಜಿ ನಾಡಕಚೇರಿಯಿಂದ ವಾಪಸು ಬಂದದ್ದು ನಾನು ಕಂಡಿಲ್ಲ. ಆದರೆ ಮೇಜಿನ ಮುಂದೆ ಬಂದವರಿಗೆ ಮಾತ್ರ ರೂಢಿಬಲದಿಂದ “ನಾಳೆ ಬಾ” ಅನ್ನುತ್ತಾರೆ. ಇದು ತಿಳಿದ ಊರವರು ಈಗ ಒಳಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಬೆಳಗ್ಗೆ ಹಾಲು ಹಾಕಿ ಬರುವ ಹೊತ್ತಿಗೆ ಬೀದಿಯಲ್ಲೇ ಅಡ್ಡ ಹಾಕುತ್ತಾರೆ. ಸಾಹೇಬ್ರು ಯಾರದೋ ಬೈಕಿನ ಸೀಟಿನ ಮೇಲೆ ಹಾಳೆ ಇಟ್ಟು, ಐದು ನಿಮಿಷದಲ್ಲಿ ಚೊಕ್ಕವಾಗಿ ಬರೆದು ಕೊಟ್ಟು, ಆಮೇಲೆ ಆಫೀಸಿಗೆ ತಡವಾಯಿತೆಂದು ಒಳಗೆ ಓಡುತ್ತಾರೆ.

ಸದ್ಯ ಮೇಜು ಕೋಣೆಯ ನಟ್ಟನಡುವೆ ನಿಂತಿದೆ. ಆದರೆ ಅಲ್ಲಿ ಮೇಲೊಂದು ಗಾಜಿನ ಹೆಂಚು. ಹನ್ನೊಂದು ಗಂಟೆಯಿಂದ ಮೇಜಿನ ಪೂರ್ವದ ತುದಿಗೆ ಚೌಕಾಕಾರವಾಗಿ ಬಿಸಿಲು ಬೀಳುತ್ತದೆ. ಅಮ್ಮಾವ್ರು ಇದನ್ನು ಗಮನಿಸಿದವರೇ ಮಜ್ಜಿಗೆ ಮೆಣಸಿನಕಾಯಿಯ ಮೊರ ತಂದು ಅಲ್ಲಿಟ್ಟರು. ಮಾರನೆ ದಿನ ಪಕ್ಕದಲ್ಲಿ ಸಂಡಿಗೆ ಬಂತು. ಮೊನ್ನೆ ನಾನು ಹೋದಾಗ ಸಾಹೇಬ್ರು ಹಸಿರು ಶಾಯಿಯಲ್ಲಿ ನೋಟಿಸು ಬರೆದು ಮುಗಿಸಿದ್ದರು: ಮೇಜಿನ ಪೂರ್ವ ಭಾಗ ಒತ್ತುವರಿಯಾಗಿದೆ, ಏಳು ದಿನದೊಳಗೆ ತೆರವು ಮಾಡತಕ್ಕದ್ದು.

ಅಮ್ಮಾವ್ರು ನೋಟಿಸನ್ನು ಓದಿ, ಮೊರದ ಕೆಳಕ್ಕೇ ಮಡಗಿದರು. ರೆವಿನ್ಯೂ ಇಲಾಖೆಯವರ ಸಂಸಾರ ನಡೆಸಿದವರು.

“ಇದು ಬಗರ್‌ಹುಕುಂ ಸಾಗುವಳಿ. ನಮೂನೆ 50, 53, 57 ಮೂರರ ಗಡುವೂ ಮುಗಿದೋಯ್ತು. ಬಾಯಲ್ಲೇ ಅರ್ಜಿ ಹಾಕ್ತೀನಿ, ಸಕ್ರಮ ಮಾಡ್ಕೊಡಿ.”

ಸಾಹೇಬ್ರು ಕನ್ನಡಕ ತೆಗೆದು, ಟವೆಲ್ಲಿಗೆ ಒರಗಿ, ಮೇಜಿನ ಆಚೆ ಬದಿಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತ ಅರ್ಜಿದಾರರನ್ನು ಸಂತೋಷದಿಂದ ನೋಡಿದರು.

“ನಾಳೆ ಬಾ,” ಅಂದರು.

“ಊಟಕ್ಕೆ ನೀವೂ ನಾಳೇನೇ ಬನ್ನಿ,” ಅಂದರು ಅಮ್ಮಾವ್ರು.