ಪೋಕರಿನ ಮೂಲಸ್ಥಾನ ತಾಳಮಲೆ: ಒಂದು ಸಂಶೋಧನಾ ಪ್ರಬಂಧ

ಈರೋಡು ಜಿಲ್ಲೆಯ ತಾಳವಾಡಿ ಸೀಮೆಯ ಬಗ್ಗೆ ಹೊರಗಿನ ವಿದ್ವಾಂಸರಿಗೆ ಗೊತ್ತಿರುವುದು ಮೂರೇ ಸಂಗತಿ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇಲ್ಲಿದೆ ಎಂಬುದು ಒಂದು. 2000ದ ಜುಲೈ 30ರ ರಾತ್ರಿ ಅವರನ್ನು ವೀರಪ್ಪನ್ ಅಲ್ಲಿಂದಲೇ ಹೊತ್ತೊಯ್ದು 108 ದಿನ ಕಾಡಿನಲ್ಲಿಟ್ಟ ಎಂಬುದು ಇನ್ನೊಂದು. ದೀಪಾವಳಿ ಮುಗಿಯುತ್ತಲೇ ಗುಮಟಾಪುರದ ಗಂಡಸರು ಸಗಣಿಯಲ್ಲಿ ಹೊಡೆದಾಡುವ ಗೊರೆಹಬ್ಬ ಮೂರನೆಯದು. ನಾಲ್ಕನೆಯದೊಂದು ಇರಬಹುದೆಂದು ಯಾವ ವಿಶ್ವವಿದ್ಯಾಲಯಕ್ಕೂ ಇದುವರೆಗೆ ಅನುಮಾನ ಬಂದಿಲ್ಲ. ಪೋಕರ್ ಎಂಬ ಇಸ್ಪೀಟಾಟ ಹುಟ್ಟಿದ್ದು ಅಮೆರಿಕದಲ್ಲಲ್ಲ, ಇದೇ ಸೀಮೆಯ ತಾಳಮಲೆಯ ಕಾಡಿನಲ್ಲಿ ಎಂದು ಸ್ಥಾಪಿಸುವುದು ಈ ಪ್ರಬಂಧದ ಉದ್ದೇಶ. ಅಷ್ಟು ಕೈಗೂಡದಿದ್ದರೆ, ಆ ಆಟ ಇಲ್ಲಿಗೆ ಬಂದ ಮೇಲೆಯೇ ಹದಕ್ಕೆ ಬಂತು ಎಂದಾದರೂ ಓದುಗರನ್ನು ಒಪ್ಪಿಸಲಾಗುವುದು.

ಮೊದಲು ಸಸ್ಯಶಾಸ್ತ್ರದ ಆಧಾರ. ಋಗ್ವೇದದ ಹತ್ತನೇ ಮಂಡಲದ 34ನೇ ಸೂಕ್ತ ಒಬ್ಬ ಜೂಜುಕೋರನ ಗೋಳು. ಹೆಂಡತಿ ದೂರವಾಗಿದ್ದಾಳೆ, ಅತ್ತೆ ಮುಖ ಕೊಡುವುದಿಲ್ಲ, ಸಾಲ ಕೊಡುವವರಿಲ್ಲ. ಅವನನ್ನು ಆ ಗತಿಗೆ ತಂದ ದಾಳ ವಿಭೀತಕದ ಕಾಯಿ, ಅಂದರೆ ನಮ್ಮ ತಾರೆಕಾಯಿ. ತಾರೆಮರ ತಾಳಮಲೆಯ ಕಾಡಿನಲ್ಲಿ ಬೆಳೆಯುತ್ತದೆ. ವೇದಕಾಲದ ಜೂಜಿನ ಕಚ್ಚಾ ಸಾಮಗ್ರಿ ಇಲ್ಲಿ ಸಿಗುತ್ತದೆಂದಾದರೆ ಜೂಜೂ ಇಲ್ಲೇ ಹುಟ್ಟಿರಬೇಕು. ತಾರೆಮರ ಇಂಡಿಯಾದ ಇನ್ನೂ ಎಷ್ಟೋ ಕಾಡುಗಳಲ್ಲಿ ಬೆಳೆಯುತ್ತದಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಅಂಥವರು ತಮ್ಮ ತಮ್ಮ ಊರಿನ ಪ್ರಬಂಧ ಬರೆದುಕೊಳ್ಳಲಿ.

ಎರಡನೆಯ ಆಧಾರ ನಳನದು. ಪುಷ್ಕರನಿಗೆ ರಾಜ್ಯ ಸೋತ ನಳ ಋತುಪರ್ಣನ ರಥ ಹೊಡೆಯುತ್ತಿದ್ದಾಗ, ಆ ರಾಜ ಒಂದು ತಾರೆಮರವನ್ನು ದೂರದಿಂದ ನೋಡಿಯೇ ಅದರಲ್ಲಿ ಇಷ್ಟು ಎಲೆ, ಇಷ್ಟು ಕಾಯಿ ಎಂದು ಲೆಕ್ಕ ಹೇಳಿದನಂತೆ. ನಳ ಆ ವಿದ್ಯೆ ಕಲಿತು, ಹಿಂದಿರುಗಿ ಹೋಗಿ, ಸೋತದ್ದೆಲ್ಲವನ್ನೂ ಗೆದ್ದ. ಎದುರಾಳಿಯ ಕೈಯಲ್ಲಿ ಯಾವ ಎಲೆ ಉಳಿದಿರಬಹುದೆಂದು ಲೆಕ್ಕ ಹಾಕುವುದೇ ಪೋಕರಿನ ಮರ್ಮವಾದ್ದರಿಂದ, ಇದು ಆ ಆಟದ ಮೊದಲ ತರಬೇತಿ ಶಿಬಿರವೆಂಬುದರಲ್ಲಿ ಸಂಶಯವಿಲ್ಲ.

ಪ್ರತಿವಾದಿಗಳಲ್ಲಿ ಗಣ್ಯರೆಂದರೆ ಟೆಕ್ಸಸಿನವರು. ಅಲ್ಲಿನ ಶಾಸನಸಭೆ 2007ರಲ್ಲಿ ‘ಟೆಕ್ಸಸ್ ಹೋಲ್ಡೆಮ್’ ಎಂಬ ಪೋಕರ್ ಹುಟ್ಟಿದ್ದು ತಮ್ಮ ರಾಬ್ಸ್‌ಟೌನ್ ಎಂಬ ಊರಿನಲ್ಲಿ ಎಂದು ಗೊತ್ತುವಳಿ ಮಾಡಿಕೊಂಡಿತು. ಗೊತ್ತುವಳಿಯಿಂದ ಜನ್ಮಸ್ಥಳ ನಿರ್ಧಾರವಾಗುವುದಾದರೆ ನಮಗೇನೂ ಅಭ್ಯಂತರವಿಲ್ಲ. ಮೈಸೂರಿನವರೂ ಒಂದು ಹಕ್ಕು ಹೂಡಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಗಂಜೀಫಾ ಆಟಗಳನ್ನು ಕಟ್ಟಿ, ಅವುಗಳಲ್ಲೊಂದಕ್ಕೆ 360 ಎಲೆ ಮಾಡಿಸಿದ್ದರು. ಆದರೆ 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಸೀಮೆ ಕಂಪನಿಯವರ ಕೊಯಮತ್ತೂರಿಗೆ ಸೇರಿಹೋಗಿತ್ತಾದ್ದರಿಂದ ಆ ಕಟ್ಟು ಗಡಿ ದಾಟಲಿಲ್ಲ. ದಾಟದಿದ್ದುದೇ ಒಳ್ಳೆಯದಾಯಿತು. 360 ಎಲೆ ಕಲಸಿ ಹಾಕುವಷ್ಟರಲ್ಲಿ ರಾಗಿ ಕೊಯ್ಲಿಗೆ ಬಂದಿರುತ್ತಿತ್ತು.

ಇನ್ನು ಕ್ಷೇತ್ರಕಾರ್ಯ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಇದರಿಂದ ಬೆಂಗಳೂರಿನ ಸಾಫ್ಟ್‌ವೇರ್ ಅಳಿಯಂದಿರ ಮೊಬೈಲು ಒಮ್ಮೆಲೇ ಬರಿದಾಯಿತು. ಅಂಥ ಒಬ್ಬರು ಆ ವರ್ಷದ ದೀಪಾವಳಿಗೆ ಮಾವನ ಮನೆಗೆ ಬರುವಾಗ ಎರಡು ಕಟ್ಟು ಇಸ್ಪೀಟು, ಒಂದು ಕಪ್ಪು ಕನ್ನಡಕ ತಂದರು. ಟಮೋಟೊ ತುಂಬುವ ಕ್ರೇಟುಗಳನ್ನು ಬೋರಲು ಹಾಕಿ, ಮೇಲೆ ಜಮಖಾನ ಹಾಸಿ, ಒಂಬತ್ತು ಜನ ಕೂತರು. ಟಮೋಟೊ ಬೆಳೆಯುವ ಮಾವ, ನಿವೃತ್ತ ಮೇಷ್ಟ್ರು, ಒಬ್ಬ ದನದ ದಲ್ಲಾಳಿ, ಸತ್ಯಮಂಗಲದಿಂದ ಬಂದ ಭಾವ, ಮುಸುಕಿನ ಜೋಳಕ್ಕೆ ಆನೆ ಕಾಯುವ ಚಿಕ್ಕಪ್ಪ ಇವರಲ್ಲಿ ಮುಖ್ಯರು. ಸಂಶೋಧಕನಾದ ನಾನು ಲೆಕ್ಕ ಬರೆಯಲು ಕೂತೆ, ಆಡಲಿಲ್ಲ.

ಟೂರ್ನಿಯ ನಿಯಮ ಸರಳ. ಎಲ್ಲರಿಗೂ ಸಮನಾದ ಬಿಲ್ಲೆ. ತಲಾ ಎರಡೆಲೆ ಕೈಗೆ, ಐದೆಲೆ ನಡುವೆ ಎಲ್ಲರಿಗೂ ಸಾಮಾನ್ಯ. ಈ ಐದನ್ನು ದಲ್ಲಾಳಿ ‘ಪಂಚಾಯ್ತಿ ಎಲೆ’ ಎಂದು ಕರೆದದ್ದೇ ಸ್ಥಿರವಾಯಿತು. ಏಳರಲ್ಲಿ ಐದು ಒಳ್ಳೆಯದನ್ನು ಆರಿಸಿ ಹೊಂದಿಸಬೇಕು. ಬಿಲ್ಲೆ ತೀರಿದವನು ಎದ್ದ. ಪ್ರತಿ ಸುತ್ತಿನಲ್ಲೂ ಸರದಿಯಂತೆ ಇಬ್ಬರು ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಒಂದಿಷ್ಟು ಹಾಕಬೇಕು, ಆ ಮೊತ್ತ ಇಪ್ಪತ್ತು ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಅಳಿಯಂದಿರು ಇದನ್ನು ಕಾಗದದ ಮೇಲೆ ಬರೆದು ವಿವರಿಸಹೊರಟರು. ಮಾವ ತಡೆದು, “ಗೊತ್ತು ಬುಡಿ ಅಳಿಯಂದ್ರೇ, ಮೀಟರ್ ಬಡ್ಡಿ” ಎಂದರು.

ಬಿಲ್ಲೆಯ ಪ್ರಶ್ನೆ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಅಳಿಯಂದಿರು ಪ್ಲಾಸ್ಟಿಕ್ ಬಿಲ್ಲೆಯ ಪೆಟ್ಟಿಗೆಯನ್ನು ಬೆಂಗಳೂರಿನಲ್ಲೇ ಮರೆತಿದ್ದರಿಂದ ಹುಣಸೆಬೀಜವನ್ನು ನಾಣ್ಯವಾಗಿ ಅಂಗೀಕರಿಸಲಾಯಿತು. ತಲಾ ನೂರು, ಒಟ್ಟು 900. ಊಟದ ಹೊತ್ತಿಗೆ ಎಣಿಸಿದಾಗ ಜಮಖಾನದ ಮೇಲೆ 1,140 ಬೀಜ ಇದ್ದವು. ಯಾರೂ ತಂದದ್ದನ್ನು ಯಾರೂ ನೋಡಿರಲಿಲ್ಲ. ಎರಡು ತಾಸಿಗೆ ಶೇಕಡಾ 26.67ರ ಹಣದುಬ್ಬರ. ಹುಣಸೆಮರವಿರುವ ಊರಿನಲ್ಲಿ ಹುಣಸೆಬೀಜವನ್ನು ನಾಣ್ಯ ಮಾಡುವುದೆಂದರೆ ಟಂಕಸಾಲೆಯ ಬೀಗದ ಕೈಯನ್ನು ಪ್ರಜೆಗಳ ಕೈಗೇ ಕೊಟ್ಟಂತೆ ಎಂಬ ತತ್ವವನ್ನು ಅರ್ಥಶಾಸ್ತ್ರದ ಪಠ್ಯಗಳು ಯಾಕೆ ಹೇಳುವುದಿಲ್ಲವೋ. ಜೋಳದ ಕಾಳು, ಅವರೆಕಾಳು ಎಂಬ ಪರ್ಯಾಯಗಳೂ ಬಂದವು. ಆದರೆ ಈ ಸೀಮೆಯಲ್ಲಿ ಬೆಳೆಯುವ ಯಾವ ವಸ್ತುವೂ ನಾಣ್ಯವಾಗಲು ಅರ್ಹವಲ್ಲ ಎಂದು ಸಭೆ ತೀರ್ಮಾನಿಸಿತು.

ಕೊನೆಗೆ ಅತ್ತೆಯವರು ಅಟ್ಟದಿಂದ ಒಂದು ಡಬ್ಬಿ ಇಳಿಸಿದರು. ಅದರ ತುಂಬ ನಾಲ್ಕಾಣೆ. ಸರ್ಕಾರ ಅವನ್ನು 2011ರ ಜೂನ್ 30ರಿಂದ ಚಲಾವಣೆಯಿಂದ ತೆಗೆದಿರುವುದರಿಂದ ಹೊಸದಾಗಿ ಯಾರ ಜೇಬಿನಿಂದಲೂ ಬರುವ ಭಯವಿಲ್ಲ. ಹತ್ತು ಬೀಜಕ್ಕೆ ಒಂದು ನಾಲ್ಕಾಣೆಯಂತೆ ಬದಲಿ ಮಾಡಿಕೊಡಲಾಯಿತು. ಹೆಚ್ಚುವರಿ ಬೀಜ ಎಲ್ಲಿಂದ ಬಂತೆಂದು ವಿಚಾರಿಸಬೇಡವೇ ಎಂದು ನಾನು ಕೇಳಿದ್ದಕ್ಕೆ ಮೇಷ್ಟ್ರು, “2016ರ ನವೆಂಬರಲ್ಲಿ ಬ್ಯಾಂಕಿನ ಮುಂದೆ ನಿಂತಿದ್ದೆ ಕಣಪ್ಪ. ಕೊನೆಗೆ ಎಲ್ಲಾ ವಾಪಸು ಬಂತು” ಎಂದು ವಿಷಯ ಮುಗಿಸಿದರು. ಚಲಾವಣೆಯಲ್ಲಿಲ್ಲದ ನಾಣ್ಯ ಹಣವಲ್ಲ, ಹಣವಿಲ್ಲದೆ ಆಡಿದ್ದು ಜೂಜಲ್ಲ ಎಂಬ ಕಾನೂನಿನ ಅನುಕೂಲವೂ ಇದರಿಂದ ಆಯಿತು. ಈ ವಿಷಯಕ್ಕೆ ಮುಂದೆ ಬರುತ್ತೇನೆ.

ಬೀಜದ ಯುಗದಲ್ಲೇ, ಊಟಕ್ಕೂ ಮೊದಲು, ಒಂದು ಮಹತ್ತರ ಘಟನೆ ನಡೆದಿತ್ತು. ಅಳಿಯಂದಿರ ಕೈಗೆ ಎರಡು ಎಕ್ಕ ಬಂದವು. ಕಪ್ಪು ಕನ್ನಡಕ ಸರಿಮಾಡಿಕೊಂಡು ಅಷ್ಟೂ ಬೀಜ ಮುಂದೆ ತಳ್ಳಿದರು. ಮಾವ ಮೂರೆಲೆ ಆಟದಲ್ಲಿ ಪಳಗಿದವರು. ಅಲ್ಲಿ ಕೈ ನೋಡದೆ ಆಡುವುದೇ ಗಂಡಸುತನ. ಅವರೂ ತಮ್ಮ ಎಲೆ ಮುಟ್ಟದೆ ಅಷ್ಟನ್ನೂ ತಳ್ಳಿದರು. ಎರಡು ಎಕ್ಕದ ಎದುರು ನೋಡದ ಯಾವುದೋ ಎರಡೆಲೆ ಬಂದರೆ ನೂರರಲ್ಲಿ ಸುಮಾರು 85 ಸಲ ಎಕ್ಕವೇ ಗೆಲ್ಲುತ್ತದೆ. ಇದು ಉಳಿದ ಹದಿನೈದರಲ್ಲೊಂದು. ಮಾವನ ಕಳಾವರ್ ಏಳು, ಡೈಮನ್ ನಾಲ್ಕು ಪಂಚಾಯ್ತಿ ಎಲೆಗಳಲ್ಲಿ ಜೋಡಿ ಹುಡುಕಿಕೊಂಡವು. ಎರಡು ಜೊತೆ. ಆಟದ ಏಕೈಕ ಪಂಡಿತರು ಮೊದಲಿಗರಾಗಿ ಎದ್ದರು.

ಅಡುಗೆಮನೆಯಿಂದ ಅತ್ತೆ ಬಂದರು. “ಹಬ್ಬದ ದಿನ ಅಳಿಯದೇವ್ರ ಎಬ್ಬುಸ್ಬುಟ್ಟು ನೀವು ಎಲ ಕಲಸ್ತ ಕೂತಿದ್ದೀರಲ್ಲ, ನಾಚ್ಕ ಆಗಲ್ವ?” ಅಳಿಯಂದಿರ ನೂರು ಬೀಜ ವಾಪಸು ಕೊಡಿಸಿಯೇ ಒಳಗೆ ಹೋದರು. ಇದು ಶಾಸ್ತ್ರಸಮ್ಮತವೇ ಎಂದರೆ, ಹೌದು. ಮಹಾಭಾರತದಲ್ಲಿ ಧರ್ಮರಾಯ ಎಲ್ಲವನ್ನೂ ಸೋತ ಮೇಲೆ ಧೃತರಾಷ್ಟ್ರ ಹಿಂದಿರುಗಿಸುತ್ತಾನೆ, ಧರ್ಮರಾಯ ಅರ್ಧದಾರಿಯಿಂದ ಮತ್ತೆ ಬಂದು ಕೂರುತ್ತಾನೆ. ಪೋಕರಿನವರು ರೀಬೈ ಎನ್ನುವ ಈ ಸೌಲಭ್ಯಕ್ಕೆ ವ್ಯಾಸರಿಟ್ಟ ಹೆಸರು ಅನುದ್ಯೂತ. ಫಲವೂ ವ್ಯಾಸರು ಹೇಳಿದಂತೆಯೇ ಆಯಿತು, ವನವಾಸ ಒಂದನ್ನು ಬಿಟ್ಟು.

ಊಟದ ನಂತರದ ವಿವಾದ ಗಣಿತದ್ದು. ಸತ್ಯಮಂಗಲದ ಭಾವನ ಕೈ ಐದೂ ಆಟೀನ್, ಮಾವನದು ಐದರಿಂದ ಒಂಬತ್ತರವರೆಗೆ ಸಾಲು. ಮೂರೆಲೆಯಲ್ಲಿ ಸಾಲು ದೊಡ್ಡದು, ಬಣ್ಣ ಚಿಕ್ಕದು. ಪೋಕರಿನಲ್ಲಿ ತಿರುಗುಮುರುಗು. “ಎಲ ಎರಡು ಜಾಸ್ತಿ ಆದ ತಕ್ಷಣ ನ್ಯಾಯ ಬದಲಾಯ್ತದಾ?” ಎಂದು ಮಾವ ಎದ್ದು ನಿಂತರು. ಮೇಷ್ಟ್ರು ಸೀಮೆಸುಣ್ಣ ತರಿಸಿ ಬಾಗಿಲ ಮೇಲೆ ಬರೆದರು. 52 ಎಲೆಯಿಂದ ಮೂರನ್ನು ತೆಗೆಯುವ ಬಗೆ 22,100. ಅದರಲ್ಲಿ ಬರೀ ಸಾಲು 720, ಬರೀ ಬಣ್ಣ 1,096. ಐದನ್ನು ತೆಗೆಯುವ ಬಗೆ 25,98,960. ಅದರಲ್ಲಿ ಸಾಲು 10,200, ಬಣ್ಣ 5,108. ಯಾವುದು ಅಪರೂಪವೋ ಅದು ದೊಡ್ಡದು. “1956ರಲ್ಲಿ ಕೊಯಮತ್ತೂರು ಜಿಲ್ಲೆಯಿಂದ ಕೊಳ್ಳೇಗಾಲ ಮೈಸೂರಿಗೆ ಹೋಯ್ತು, ನಾವು ಮದರಾಸಲ್ಲೇ ಉಳುದೋ. ಗೆರೆ ವಸಿ ಆಚೆ ಈಚೆ ಆದ್ರೆ ನ್ಯಾಯ ಬದಲಾಗಲ್ವ?” ಎಂದು ಮೇಷ್ಟ್ರು ಕೇಳಿದರು. ಇದಕ್ಕೆ ಮಾವನಲ್ಲಿ ಉತ್ತರವಿರಲಿಲ್ಲ. ತಾಳವಾಡಿಯಲ್ಲಿ ಯಾರಲ್ಲೂ ಇಲ್ಲ.

ಭಾವ ಆ ಕೈ ಗೆದ್ದರೂ ಮುಂದೆ ಬೇಗನೆ ಔಟಾದರು. ಬೇರೆಡೆ ಸೋತ ಆಟಗಾರ ಮನೆಗೆ ಹೋಗುತ್ತಾನೆ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಭಾವ ಎಲ್ಲಿಗೂ ಹೋಗುವಂತಿರಲಿಲ್ಲ. ಪಕ್ಕದ ಓಣಿಯವರೂ ಆನೆಯ ಭಯಕ್ಕೆ ಕದಲಲಿಲ್ಲ. ಪಟಾಕಿ ಸದ್ದು ಕೇಳಿದಾಗಲೆಲ್ಲ ಅದು ಹಬ್ಬದ್ದೋ ಆನೆ ಓಡಿಸುವವರದ್ದೋ ಎಂದು ಒಂದು ಚರ್ಚೆ. ಹೀಗೆ ಸೋತವರೆಲ್ಲ ಆಡುವವರ ಬೆನ್ನ ಹಿಂದೆ ವ್ಯಾಖ್ಯಾನಕಾರರಾಗಿ ಕೂತರು. ಮೂಲಕ್ಕಿಂತ ವ್ಯಾಖ್ಯಾನ ದೊಡ್ಡದಾಗುವುದು ನಮ್ಮ ಪರಂಪರೆ. “ರಾಣಿ ಇಟ್ಕಂಡು ಯಾಕೆ ಹೆದರ್ತೀಯ?” ಎಂಬ ಭಾವನ ಒಂದು ಟೀಕೆಯಿಂದ ಇಡೀ ಸಭೆಗೆ ರಾಣಿ ಯಾರ ಬಳಿ ಇದ್ದಾಳೆಂದು ಗೊತ್ತಾಯಿತು.

ಮುಖಭಾವದ ವಿಷಯ ಈ ಅಧ್ಯಯನದ ತಿರುಳು. ಪೋಕರಿನಲ್ಲಿ ಮುಖ ಕಲ್ಲಾಗಿರಬೇಕು ಎಂದು ಪಾಶ್ಚಾತ್ಯರು ಗ್ರಂಥಗಳನ್ನೇ ಬರೆದಿದ್ದಾರೆ. ಈರೋಡು ಜಿಲ್ಲೆಯಲ್ಲಿ ಅದು ಕೂಲಿಯ ಕೆಲಸ. ಅಂದಿಯೂರಿನ ಗುರುನಾಥಸ್ವಾಮಿ ಜಾತ್ರೆಯ ದನದ ಸಂತೆಯಲ್ಲಿ ದಲ್ಲಾಳಿಗಳು ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಮೇಲೆ ಮಳೆ ಬೆಳೆ ಮಗಳ ಮದುವೆ ಮಾತು, ಕೆಳಗೆ ಸಾವಿರಗಳ ಕುಸ್ತಿ. ಸುತ್ತ ನಿಂತ ನೂರು ಜನಕ್ಕೆ ಸುಳಿವು ಹತ್ತುವುದಿಲ್ಲ. ನಮ್ಮ ದಲ್ಲಾಳಿ ಈ ವಿದ್ಯೆಯಲ್ಲಿ ತಲೆ ನೆರೆದವನು. ಎರಡೆಲೆಯ ಮೇಲೆ ಟವಲು ಹಾಸಿಕೊಂಡು, ಎದುರಿನವನ ಬಾಯನ್ನೇ ನೋಡುತ್ತಿದ್ದ. ಕಣ್ಣು ನೋಡಬೇಕಲ್ಲವೇ ಎಂದು ಅಳಿಯಂದಿರು ತಿದ್ದಿದರು. “ಕಣ್ಣು ಸುಳ್ಳೇಳ್ತದ ಸ್ವಾಮಿ, ಹಲ್ಲು ಹೇಳಲ್ಲ. ಒಳ್ಳೆ ಎಲ ಬಂದೋನು ತುಟಿ ಬಿಗಿ ಹಿಡಿತಾನ, ಕೆಟ್ಟ ಎಲ ಬಂದೋನು ನಗ್ತಾನ” ಎಂದ. ಎತ್ತಿನ ವಯಸ್ಸು ಹೇಳುವ ವಿದ್ಯೆಯಿಂದ ಅವನು ಏಳು ಜನರನ್ನು ಅಳೆದ.

ಎಂಟನೆಯವರನ್ನು ಅಳೆಯಲಾಗಲಿಲ್ಲ. ಆನೆ ಕಾಯುವ ಚಿಕ್ಕಪ್ಪ ಬದಲಿ ನಾಣ್ಯ ಎಣಿಸಿಟ್ಟು, “ವಸಿ ಹೊಲ್ತಾವ ಹೋಗ್ ಬತ್ತೀನಿ” ಎಂದು ಹೋದವರು ಅಟ್ಟಣೆಯಿಂದ ಇಳಿಯಲೇ ಇಲ್ಲ. ನಿಯಮದ ಪ್ರಕಾರ ಅವರ ರಾಶಿಯಿಂದ ಕಡ್ಡಾಯದ ನಾಲ್ಕಾಣೆ ಸರದಿ ಬಂದಾಗ ಹೋಗುತ್ತಿತ್ತು, ಅಷ್ಟೆ. ಕೌಶಲ ತೋರಿಸಹೋದವರು ಒಬ್ಬೊಬ್ಬರಾಗಿ ಎದ್ದರು. ಚಿಕ್ಕಪ್ಪ ಊಟದ ನಂತರ ಒಂದೆಲೆಯನ್ನೂ ನೋಡದೆ, ಇಡೀ ಟೂರ್ನಿಯಲ್ಲಿ ಮೂರನೆಯವರಾದರು.

ಕೊನೆಗೆ ದಲ್ಲಾಳಿ ಮತ್ತು ಮಾವ. ಮಾವನ ಬಳಿ ರಾಜನ ಜೋಡಿ. ದಲ್ಲಾಳಿ ಟವಲು ಒಮ್ಮೆ ಕೊಡವಿ ಹಾಸಿ, ಅಷ್ಟನ್ನೂ ಮುಂದೆ ಇಟ್ಟ. ಆ ವಾರ ಟಮೋಟೊ ಬೆಲೆ ಬಿದ್ದು ತೋಟದಲ್ಲೇ ಹಣ್ಣು ಬಿಟ್ಟಿದ್ದ ಮಾವ, ಇನ್ನೊಂದು ನಷ್ಟಕ್ಕೆ ಮನಸ್ಸಾಗದೆ, ರಾಜರನ್ನು ಕವುಚಿ ಹಾಕಿ ಆಟವನ್ನೇ ಬಿಟ್ಟುಕೊಟ್ಟರು. ದಲ್ಲಾಳಿಯ ಮುಂದೆ ನಾಲ್ಕಾಣೆ ರಾಶಿ ಬಿತ್ತು. ಅವನ ಕೈಯಲ್ಲಿ ಏನಿತ್ತೆಂದು ಸಂಶೋಧನೆಯ ಹಿತದೃಷ್ಟಿಯಿಂದ ಕೇಳಿದೆ. “ವ್ಯಾಪಾರ ಮುಗುದ ಮ್ಯಾಲ ಬೆಲ ಕೇಳ್ಬಾರ್ದು ಕಣಪ್ಪ” ಎಂದು ಎಲೆಗಳನ್ನು ಕಟ್ಟಿನೊಳಗೆ ಕಲಸಿಬಿಟ್ಟ. ಬಹುಮಾನಕ್ಕೆಂದು ಇಟ್ಟಿದ್ದ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಹೊರಟ.

ಈಗ ಕಾನೂನು. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿ ಬಹುಮಟ್ಟಿಗೆ ಕೌಶಲದ ಆಟ, ಮೂರೆಲೆ ಶುದ್ಧ ಅದೃಷ್ಟ ಎಂದಿತು. 2023ರ ನವೆಂಬರಿನಲ್ಲಿ ಮದರಾಸು ಹೈಕೋರ್ಟು ಪೋಕರನ್ನೂ ಕೌಶಲದ ಸಾಲಿಗೆ ಸೇರಿಸಿತು. ತಾಳವಾಡಿಗೆ ಅನ್ವಯಿಸುವುದು ತಮಿಳುನಾಡಿನ 1930ರ ಗೇಮಿಂಗ್ ಕಾಯ್ದೆ. ಹೊಲದ ಬದು ದಾಟಿ ಚಾಮರಾಜನಗರ ಜಿಲ್ಲೆಗೆ ಕಾಲಿಟ್ಟರೆ ಕರ್ನಾಟಕದ 1963ರ ಪೊಲೀಸ್ ಕಾಯ್ದೆ. ಮನೆಯವರು ಆಟದಿಂದ ಲಾಭ ಮಾಡಿಕೊಂಡರೆ ಅದು ಜೂಜಿನ ಅಡ್ಡೆ ಎಂಬುದು ಸಾಮಾನ್ಯ ತತ್ವ. ಅತ್ತೆ ಬೋಂಡಾ ಖರ್ಚಿಗೆಂದು ಪ್ರತಿ ಇಪ್ಪತ್ತು ನಾಲ್ಕಾಣೆಗೆ ಒಂದನ್ನು ಡಬ್ಬಿಗೆ ಹಾಕಿಕೊಳ್ಳುತ್ತಿದ್ದರು. ಇದು ಶೇಕಡಾ ಐದು. ಕೌಟಿಲ್ಯ ತನ್ನ ದ್ಯೂತಾಧ್ಯಕ್ಷನಿಗೆ ಗೆದ್ದ ಹಣದಲ್ಲಿ ಗೊತ್ತು ಮಾಡಿದ್ದೂ ಶೇಕಡಾ ಐದೇ. ಅತ್ತೆ ಅರ್ಥಶಾಸ್ತ್ರ ಓದಿಲ್ಲ. ಡಬ್ಬಿಯಿಂದ ಬಂದದ್ದು ಡಬ್ಬಿಗೇ ಹೋಗಿದೆ, ಆದ್ದರಿಂದ ಲಾಭವೂ ಇಲ್ಲ.

ಮಾನ್ಯ ನ್ಯಾಯಾಲಯಗಳಲ್ಲಿ ನಮ್ಮದೊಂದೇ ಬಿನ್ನಹ. ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆ ಮತ್ತೆ ಬಂದಾಗ, ಅಟ್ಟಣೆಯ ಮೇಲಿದ್ದು ಮೂರನೇ ಸ್ಥಾನ ಗಳಿಸಿದ ಚಿಕ್ಕಪ್ಪನ ಪ್ರಕರಣವನ್ನೂ ಪರಿಗಣಿಸಬೇಕು. ಇನ್ನು ಜನ್ಮಸ್ಥಳದ ಗೊತ್ತುವಳಿ. ಅದನ್ನು ಚೆನ್ನೈಯಲ್ಲಿ ಮಂಡಿಸಬೇಕೋ ಬೆಂಗಳೂರಿನಲ್ಲೋ ಎಂಬುದು ಇತ್ಯರ್ಥವಾಗಿಲ್ಲ. ಎರಡೂ ಕಡೆಯ ಶಾಸಕರು ದಯವಿಟ್ಟು ಮಾತಾಡಿಕೊಳ್ಳಲಿ. ಟವಲು ಬೇಕಾದರೆ ನಾವು ಕೊಡುತ್ತೇವೆ.