ಹಾಸ್ಟೆಲ್ ಮೆಸ್ಸಿನ ಗುತ್ತಿಗೆದಾರರಿಗೊಂದು ಬಹಿರಂಗ ಪತ್ರ

ಮಾನ್ಯರೆ,

ದೀಪಾವಳಿಗೆ ಊರಿಗೆ ಬಂದಿದ್ದೇನೆ. ಗದಗದ ಹತ್ತಿರದ ಹಳ್ಳಿ. ಒಲೆಯ ಮುಂದೆ ಕೂತು ಮೊದಲ ಬಿಸಿ ರೊಟ್ಟಿ ಮುರಿದಾಗ ನೆನಪಾದದ್ದು ನೀವೇ, ದೇವರಾಣೆ.

ಹುಟ್ಟಿದಾಗಿನಿಂದ ರೊಟ್ಟಿ ತಿಂದವಳು ನಾನು. ಅದಕ್ಕೊಂದು ರುಚಿಯಿದೆ ಎಂದು ತಿಳಿಯಲು ಬೆಂಗಳೂರಿಗೆ ಹೋಗಿ ನಿಮ್ಮ ಸಾಂಬಾರಿನಲ್ಲಿ ಬೇಳೆ ಹುಡುಕಬೇಕಾಯಿತು. ಸೋಮವಾರ ಉಳಿದ ಸಾಂಬಾರು ಮಂಗಳವಾರ ರಸಂ ಆಗಿ ಬಡ್ತಿ ಪಡೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ‘ಉತ್ತರ ಕರ್ನಾಟಕ ಸ್ಪೆಷಲ್’ ಎಂದು ಬೋರ್ಡ್ ಬರೆದು, ಮೈದಾಕ್ಕೆ ಹಿಡಿ ಜೋಳದ ಹಿಟ್ಟು ಉದುರಿಸಿ ಬಡಿಸಿದಿರಲ್ಲ, ಅವತ್ತೇ ನಾನು ಊರಿನ ಟಿಕೆಟ್ ನೋಡತೊಡಗಿದ್ದು.

ಟಿಕೆಟ್ ಎಲ್ಲಿ ಸಿಗಬೇಕು? ರೈಲ್ವೆಯವರು 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿಯನ್ನು 120 ದಿನದಿಂದ 60 ದಿನಕ್ಕೆ ಇಳಿಸಿದ್ದಾರೆ. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ ವೇಟಿಂಗ್ ಲಿಸ್ಟಿನಲ್ಲಿ ಈಗ ಅಷ್ಟು ಕಡಿಮೆ ದಿನ ಇದ್ದರೆ ಸಾಕು. ಖಾಸಗಿ ಸ್ಲೀಪರಿನವರು ಹೇಳಿದ ಹಬ್ಬದ ದರ ಕೇಳಿ ಬಸ್ಸನ್ನೇ ಮಾರುತ್ತಿದ್ದಾರೇನೋ ಅಂದುಕೊಂಡೆ. ಕೊನೆಗೆ ಕಾಪಾಡಿದ್ದು ಸರ್ಕಾರಿ ಕೆಂಪು ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮಗೆ ಅದರಲ್ಲಿ ಟಿಕೆಟ್ ಉಚಿತ, ಸೀಟು ಮಾತ್ರ ಅವರವರ ಹಣೆಬರಹ. ಮೆಜೆಸ್ಟಿಕ್ಕಿನ ನೂಕುನುಗ್ಗಲಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದೆ. ಮೊಟ್ಟೆ ಕೊಡುವ ದಿನ ನಿಮ್ಮ ಮೆಸ್ಸಿನ ಸಾಲಿನಲ್ಲಿ ನಿಂತವರಿಗೆ ಇದೆಲ್ಲ ದೊಡ್ಡ ಮಾತಲ್ಲ.

ಪಾಡ್ಯದ ಬೆಳಿಗ್ಗೆ ಅವ್ವ ಅಂಗಳ ಸಾರಿಸಿ, ಸಗಣಿಯಲ್ಲಿ ಪಾಂಡವರನ್ನು ಮಾಡಿ, ಒಬ್ಬೊಬ್ಬರ ನೆತ್ತಿಗೂ ಉತ್ತರಾಣಿ ಕಡ್ಡಿ, ಚೆಂಡುಹೂ ಸಿಕ್ಕಿಸುತ್ತಿದ್ದಳು. ಪಕ್ಕದಲ್ಲಿ ಕೂತು, “ಅವ್ವಾ, ಥ್ಯಾಂಕ್ಸ್ ಬೇ” ಅಂದೆ. ಕೈಯೆಲ್ಲ ಸಗಣಿ, ಮೊಣಕೈಯನ್ನೇ ನನ್ನ ಹಣೆಗೆ ತಾಗಿಸಿ ನೋಡಿದಳು. “ಜ್ವರಾ ಏನೂ ಇಲ್ಲಲಾ. ರೊಕ್ಕಾ ಬೇಕಾಗಿತ್ತೇನ?”

ನೋಡಿದಿರಾ? ನಮ್ಮಲ್ಲಿ ಮನೆಯವರಿಗೆ ಥ್ಯಾಂಕ್ಸ್ ಹೇಳಿದರೆ ಅನುಮಾನ ಬರುತ್ತದೆ. ಅಪ್ಪನಿಗಂತೂ ಹೇಳುವ ಧೈರ್ಯವೇ ಮಾಡಲಿಲ್ಲ, ಬ್ಯಾಕ್‌ಲಾಗ್ ಎಷ್ಟಿವೆ ಎಂದು ಕೇಳಿಬಿಟ್ಟರೆ! ಹೀಗೆ ಇಲ್ಲಿ ಯಾರೂ ತೆಗೆದುಕೊಳ್ಳದೆ ಉಳಿದ ಕೃತಜ್ಞತೆಯನ್ನು ಪೂರ್ತಿ ನಿಮ್ಮ ಹೆಸರಿಗೆ ವರ್ಗಾಯಿಸುತ್ತಿದ್ದೇನೆ. ರಜೆಯಲ್ಲಿ ನಾವು ಉಣ್ಣದ ಊಟಕ್ಕೂ ನೀವು ದುಡ್ಡು ಹಿಡಿದುಕೊಳ್ಳುತ್ತೀರಿ. ಇರಲಿ, ಅದನ್ನು ಗುರುದಕ್ಷಿಣೆ ಎಂದುಕೊಂಡಿದ್ದೇವೆ.

ಬರುವಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತರುತ್ತೇನೆ. ಹೊರಗಿನ ತಿಂಡಿ ತರಬಾರದೆಂಬ ನಿಮ್ಮ ನಿಯಮ ಗೊತ್ತು. ಆದರೆ ಹೋದ ಸಲ ಡಬ್ಬಿ ಅರ್ಧ ಖಾಲಿ ಮಾಡಿದ್ದು ನಿಮ್ಮ ಅಡುಗೆ ಭಟ್ಟರೇ. ಈ ಸಲ ಅವ್ವ ಅವರಿಗೆಂದೇ ಬೇರೆ ಪೊಟ್ಟಣ ಕಟ್ಟುತ್ತಿದ್ದಾಳೆ. ನಿಮಗೂ ಬೇಕಾದರೆ ಶನಿವಾರದೊಳಗೆ ತಿಳಿಸಿ, ಶೇಂಗಾ ಹುರಿಯುವುದಿದೆ.

ಇತಿ ನಿಮ್ಮ ಋಣದಲ್ಲಿರುವ,
ಮೂರನೇ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿನಿ