ಬ್ರಾಹ್ಮೀ ಮುಹೂರ್ತಕ್ಕೂ ಮುನ್ನ

ಬಸವನಗುಡಿಯ ಪಿಂಚಣಿದಾರರಲ್ಲಿ ಪಂಚಾಂಗ ನೋಡುವವರದೊಂದು, ಷೇರುಪೇಟೆಯ ಚಾರ್ಟು ನೋಡುವವರದೊಂದು, ಹೀಗೆ ಎರಡು ಪಂಗಡಗಳುಂಟೆಂದು ಮಲ್ಲೇಶ್ವರದವರು ಭಾವಿಸುವುದುಂಟು. ಅದು ದೂರದವರ ಊಹೆ. ಇಲ್ಲಿ ಇಬ್ಬರೂ ಒಬ್ಬರೇ. ನಮ್ಮ ಭಾವನವರು ಸ್ನಾನ ಸಂಧ್ಯಾವಂದನೆಗಳನ್ನು ಪೂರೈಸಿ, ಗಾಂಧಿಬಜಾರಿನಿಂದ ಹೂವು ತಂದು, ಅಂದಿನ ರಾಹುಕಾಲ ಯಾವಾಗಲೆಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ದೃಢಪಡಿಸಿಕೊಂಡು, ಪೇಟೆ ತೆರೆಯುವ ಒಂಬತ್ತೂಕಾಲಿಗೆ ಸರಿಯಾಗಿ ಕಂಪ್ಯೂಟರಿನ ಮುಂದೆ ಆಸೀನರಾಗುವ ಕ್ರಮಕ್ಕೆ ಭಂಗ ಬಂದುದನ್ನು ನಾನು ಕಂಡವನಲ್ಲ. 1963ರಲ್ಲಿ ಸ್ಥಾಪಿತವಾದ ಬೆಂಗಳೂರು ಷೇರು ವಿನಿಮಯ ಕೇಂದ್ರವು ಜೆ.ಸಿ. ರಸ್ತೆಯಲ್ಲಿ ಗಿಜಿಗುಡುತ್ತಿದ್ದಾಗ ಅಲ್ಲಿಗೆ ನಡೆದೇ ಹೋಗಿ ಧಾರಣೆ ತಿಳಿದು ಬರುತ್ತಿದ್ದವರು ಅವರು. 2014ರಲ್ಲಿ ಅದು ವಿಧಿವತ್ತಾಗಿ ಬಾಗಿಲು ಹಾಕಿಕೊಂಡ ಮೇಲೆ ಆ ಶ್ರದ್ಧೆಯೆಲ್ಲವೂ ಮನೆಯ ಕ್ಯಾಂಡಲ್ ಚಾರ್ಟಿಗೆ ವರ್ಗವಾಯಿತು.

ಹೀಗಿರಲು ಒಂದು ರಾತ್ರಿ ಚಾರ್ಟಿನ ತಂತ್ರಾಂಶವು ಯಾರನ್ನೂ ಕೇಳದೆ ಅಪ್‌ಡೇಟ್ ಆಯಿತು. ಮರುದಿನ ನನಗೆ ಫೋನು.

“ಏನಯ್ಯ, ನಿನ್ನೆ ಪೇಟೆ ಬೆಳಗಿನ ಜಾವ ಮೂರೂಮುಕ್ಕಾಲಿಗೆ ತೆರೆದು ಹತ್ತು ಗಂಟೆಗೆ ಮುಚ್ಚಿತಂತೆ! ಹಾಗಾದರೆ ಮಧ್ಯಾಹ್ನ ಮೂರೂವರೆಯವರೆಗೂ ಕೂತು ನಾನು ನೋಡಿದ್ದೇನನ್ನು?”

ಹೋಗಿ ನೋಡಿದರೆ ಸಂಗತಿ ನಿಜ. ಬ್ರಾಹ್ಮೀ ಮುಹೂರ್ತಕ್ಕೂ ಮೊದಲೇ, ಹಾಲಿನವನೂ ಏಳದ ಹೊತ್ತಿನಲ್ಲಿ, ಭಾರತದ ವಾಣಿಜ್ಯವೆಲ್ಲ ಆರಂಭವಾಗಿಬಿಟ್ಟಿತ್ತು. ತಂತ್ರಾಂಶವು ನಮ್ಮ ಕಾಲದಿಂದ ಐದೂವರೆ ಗಂಟೆಯನ್ನು ಕಳೆದು, ಗ್ರೀನಿಚ್ಚಿನ ಕಾಲಮಾನಕ್ಕೆ ಮರಳಿತ್ತು. ಅಕ್ಷರಗಳು ಸಾಸಿವೆಯಷ್ಟಾಗಿದ್ದುವು, ಅದಕ್ಕೆ ಭೂತಗನ್ನಡಿಯುಂಟು, ಇರಲಿ. ಸಹಿಸಲಾಗದ್ದು ಇನ್ಫೋಸಿಸ್ಸಿನ ಚಾರ್ಟು. 2018ರ ಸೆಪ್ಟೆಂಬರಿನಲ್ಲಿ ಆ ಕಂಪನಿಯು ಒಂದಕ್ಕೊಂದು ಬೋನಸ್ ಷೇರು ಕೊಟ್ಟಿತಷ್ಟೆ. ಅದಕ್ಕೆ ಹಿಂದಿನ ಬೆಲೆಗಳನ್ನು ಅರ್ಧಕ್ಕಿಳಿಸಿ ತೋರಿಸುವುದು ಚಾರ್ಟಿನ ಧರ್ಮ. ಹೊಸ ಆವೃತ್ತಿಯು ಆ ಧರ್ಮವನ್ನು ಮರೆತುದರಿಂದ, ಒಂದೇ ದಿನದಲ್ಲಿ ಬೆಲೆ ಅರ್ಧಕ್ಕೆ ಬಿದ್ದಂತೆ ಪ್ರಪಾತವೊಂದು ಬಾಯ್ದೆರೆದಿತ್ತು. ಭಾವನವರು ಹಳೆಯ ತಗ್ಗುಗಳನ್ನು ಜೋಡಿಸಿ ಜತನದಿಂದ ಎಳೆದಿದ್ದ ಟ್ರೆಂಡ್‌ಲೈನುಗಳು ಪಾತಾಳದಲ್ಲಿ ಉಳಿದು, ಅವು ಹೊತ್ತಿದ್ದ ಕ್ಯಾಂಡಲುಗಳು ಆಕಾಶಕ್ಕೆ ಹಾರಿದ್ದುವು. ಡಿಮ್ಯಾಟ್ ಖಾತೆಯಲ್ಲಿ ಒಂದು ಷೇರೂ ಕಡಮೆಯಾಗಿರಲಿಲ್ಲವೆಂಬುದು ಅವರಿಗೆ ತಿಳಿಯದ್ದಲ್ಲ. ಆದರೂ ನೆರೆಮನೆಯವರು ದುಃಖವಿಚಾರಣೆಗೆ ಬಂದಿದ್ದರೆ ಬೇಡವೆನ್ನುತ್ತಿರಲಿಲ್ಲ.

ಬಣ್ಣಗಳೂ ಅದಲುಬದಲಾಗಿದ್ದುವು: ಏರಿಕೆಗೆ ಕೆಂಪು, ಇಳಿಕೆಗೆ ಹಸಿರು. ಈ ಕ್ಯಾಂಡಲುಗಳ ಮೂಲ ಹದಿನೆಂಟನೆಯ ಶತಮಾನದ ಜಪಾನಿನ ಅಕ್ಕಿ ವರ್ತಕರದೆಂದು ಪ್ರತೀತಿ. ಜಪಾನ್, ಚೀಣಾಗಳಲ್ಲಿ ಇಂದಿಗೂ ಏರಿದ ಬೆಲೆಗೆ ಕೆಂಪೇ. ಅಕ್ಕನಿಗೆ ಇದನ್ನು ವಿವರಿಸಿದೆ.

“ಸರಿಯಾಗೇ ಇದೆಯಲ್ಲ! ಕುಂಕುಮದ ಬಣ್ಣ ನಷ್ಟಕ್ಕೆ ಹಾಕ್ತಾರೇನು? ಇಷ್ಟು ವರ್ಷ ನಿಮಗೆ ಹೇಗೆ ಹೊಳೀಲಿಲ್ಲ, ಅಂದ್ರೆ?” ಎಂದು ಆಕೆ ಭಾವನವರತ್ತ ತಿರುಗಿದಳು.

ಸಂಜೆ ಮೊಮ್ಮಗಳು ಬಂದು ಸೆಟ್ಟಿಂಗ್ಸ್ ತೆರೆದಳು. ಬೋನಸ್ಸಿನ ಲೆಕ್ಕ ಒಂದು ಗುರುತು ಹಾಕುವುದರಲ್ಲಿ ಸರಿಹೋಯಿತು. ಕಾಲಮಾನದ ಪಟ್ಟಿಯಲ್ಲಿ ಮಾತ್ರ ಚೆನ್ನೈ, ಕೋಲ್ಕತ್ತ, ಮುಂಬಯಿ, ನವದೆಹಲಿ ಎಂದಿದ್ದಿತೇ ಹೊರತು ಬೆಂಗಳೂರಿನ ಹೆಸರಿರಲಿಲ್ಲ.

“ಬೆಂಗಳೂರಿಲ್ಲವೇನೆ?”

“ಇಲ್ಲ ತಾತ. ಚೆನ್ನೈ ಒತ್ತಲೇ?”

ಭಾವನವರು ದೀರ್ಘಕಾಲ ಆಲೋಚಿಸಿದರು. ನೀರಿನ ವಿಷಯದಲ್ಲಿ ಅನುಭವಿಸಿದ್ದು ಸಾಲದೆಂದು ಈಗ ಸಮಯಕ್ಕೂ ಅವರನ್ನೇ ಆಶ್ರಯಿಸಬೇಕೆ ಎಂಬ ಪ್ರಶ್ನೆ ಅವರ ಮುಖದಲ್ಲಿ ಸ್ಪಷ್ಟವಾಗಿತ್ತು. ಕೊನೆಗೆ, ನಾಲ್ಕೂ ಊರು ಒಂದೇ ಸಾಲಿನಲ್ಲಿರುವುದರಿಂದ ಮುಂಬಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಒತ್ತಬಹುದೆಂದು ಅಪ್ಪಣೆಯಾಯಿತು.

ಬಣ್ಣವನ್ನು ಬದಲಿಸಲು ಅಕ್ಕ ಬಿಡಲಿಲ್ಲ. ಮರುದಿನ ಪೇಟೆ ಚೆನ್ನಾಗಿಯೇ ಕುಸಿಯಿತು. ತೆರೆಯ ತುಂಬ ಹಸಿರೋ ಹಸಿರು. ಭಾವನವರು ಅದನ್ನು ಬಹಳ ಹೊತ್ತು ಪ್ರಸನ್ನರಾಗಿ ದಿಟ್ಟಿಸಿ, ಎರಡನೆಯ ಲೋಟ ಕಾಫಿ ಕೇಳಿದರು.